ಅಜ್ಜಿಯ ಕಣ್ಣಿನ ಪಟ್ಟಿ ಬಿಚ್ಚಿದ ದಿನ

ಆಸ್ಪತ್ರೆಯ ಸ್ಪಿರಿಟ್ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಕುಂದಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಅಜ್ಜಿ ತೆಕ್ಕಟ್ಟೆಯಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದವಳು. ಕಣ್ಣಿಗೆ ಪೊರೆ ಬಂದು, ಮೀನಿನ ಕಿವಿರು ಕೆಂಪಗಿದೆಯೋ ಕಪ್ಪಾಗಿದೆಯೋ ಕಾಣದಾದಾಗ, ಕೆಟ್ಟದ್ದನ್ನು ಯಾರಿಗೂ ಕೊಡಬಾರದೆಂದು ತಾನಾಗಿಯೇ ವ್ಯಾಪಾರ ನಿಲ್ಲಿಸಿದ್ದಳು. ಕೊನೆಗೆ ಉಚಿತ ಶಿಬಿರವೊಂದರಿಂದ ಅವಳಿಗೆ ಆಪರೇಷನ್ ಆಯಿತು. ಮರುದಿನ ಡಾಕ್ಟರು ಒರಟು ಬಿಳಿ ಪಟ್ಟಿಯನ್ನು ಮೆಲ್ಲಗೆ ಬಿಡಿಸಿ, ಮೂರು ಬೆರಳು ಎತ್ತಿ ಹಿಡಿದು ಎಷ್ಟೆಂದು ಕೇಳಿದರು. ಅಜ್ಜಿ ಕಣ್ಣು ಪಿಳಿಪಿಳಿ ಮಾಡಿದಳು.

"ಮೂರ್ ಬೆರಳ್. ಅದ್ ಇರ್ಲಿ ಡಾಕ್ಟ್ರೇ, ನಿಮ್ ಅಂಗಿ ಬಟನ್ ಒಂದ್ ಕಿತ್ ಹೋಯ್ತ್ ಕಾಣಿ!"

ವಾರ್ಡಿಗೆ ವಾರ್ಡೇ ನಕ್ಕಿತು. ನನ್ನ ಮಾವ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದ.

"ಅಮ್ಮಾ, ಇನ್ ಬುಟ್ಟಿ ಹೊರುದ್ ಬ್ಯಾಡ. ಮನೆಯಂಗೆ ಕೂಕಂಡ್ ಉಣ್ಣ್, ನಾನ್ ಸಾಕ್ತೆ" ಎಂದ.

ಅಜ್ಜಿ ಅವನ ತಲೆ ಸವರಿದಳು. "ಕೂಕಂಡ್ ಉಂಬುಕೆ ಬಾಯ್ ಇದ್ರೆ ಸಾಕ್ ಮಗಾ, ಕಣ್ಣ್ ಎಂತಕೆ?"

ಡಾಕ್ಟರು ಹೇಳಿದ ಒಂದು ತಿಂಗಳ ವಿಶ್ರಾಂತಿಯಲ್ಲಿ ಅವಳು ಒಂದು ದಿನವೂ ಕಡಿಮೆ ಮಾಡಲಿಲ್ಲ. ತಿಂಗಳು ತುಂಬಿದ ಮರುಬೆಳಿಗ್ಗೆ ನಾವು ಏಳುವಷ್ಟರಲ್ಲಿ, ಅಜ್ಜಿ ಬುಟ್ಟಿ ಹಿಡಿದು ಮೊದಲ ಬಸ್ಸು ಹತ್ತಿ ಮೀನಿನ ಬಂದರಿಗೆ ಹೋಗಿಯಾಗಿತ್ತು.