ಕೆಂಪು ಗೆರೆ ದಾಟಿದ ಮೂರು ಚುಕ್ಕಿ

ವರ್ನ್ ಮೇಜಿನ ಮೇಲಿಟ್ಟ ಕಂದು ಪೊಟ್ಟಣದಿಂದ ಹೊಗೆಯಲ್ಲಿ ಬೇಯಿಸಿದ ವಾಲೈ ಎಂಬ ನದಿಮೀನಿನ ವಾಸನೆ ಮಾರ್ಲಿಸ್‌ಳ ಮೂಗಿಗೆ ಬಡಿಯಿತು. ಕಾಗದದ ಕಾರ್ಖಾನೆ ನದಿಗೆ ಬಿಡುವ ನೀರನ್ನು ದಿನವೂ ಬಾಟಲಿಯಲ್ಲಿ ಹಿಡಿದು ತರುವವನು ಅವನು. ಅದರ ಅಂಕಿಗಳನ್ನು ಚಾರ್ಟಿನಲ್ಲಿ ಚುಕ್ಕಿಗಳಾಗಿ ಕೂರಿಸುವವಳು ಅವಳು.

“ತಗೋಮ್ಮ, ನನ್ನ ಕೆಲಸ ಉಳಿಸಿದ್ದಕ್ಕೆ. ಮೂರು ಬಾಟಲಿ ಕೆಡಿಸಿಟ್ಟಿದ್ದೆನಲ್ಲ, ಬೇರೆಯವರಾಗಿದ್ರೆ ಮನೆಗೆ ಕಳಿಸಿರೋರು. ಅರವತ್ಮೂರಾಯ್ತು ನೋಡು, ಕೈ ನಡುಗುತ್ತೆ.”

ಮಾರ್ಲಿಸ್ ಗೋಡೆಯತ್ತ ನೋಡಲಿಲ್ಲ. ಅಲ್ಲಿ ಜುಲೈ ತಿಂಗಳ ಪಾದರಸದ ಚಾರ್ಟು ತೂಗುತ್ತಿತ್ತು. ಮಿತಿ ತೋರಿಸುವ ಕೆಂಪು ಗೆರೆ ದಾಟಿದ್ದ ಮೂರು ಚುಕ್ಕಿಗಳನ್ನು ‘ಮಾದರಿ ಹಿಡಿದವರ ತಪ್ಪು’ ಎಂದು ಬರೆದು ತೆಗೆದುಹಾಕಿದ್ದು ಅವಳೇ. ತೆಗೆಯುವ ಮುನ್ನ ಬಾಟಲಿಗಳಲ್ಲಿ ಉಳಿದಿದ್ದ ನೀರನ್ನು ಮತ್ತೆ ಪರೀಕ್ಷಿಸಿದ್ದಳು; ಪಾದರಸ ಮೊದಲಿನಷ್ಟೇ ಬಂದಿತ್ತು. ಆದರೆ ಆ ತಿಂಗಳು ಕಾರ್ಖಾನೆ ಹಿಂದೆಂದೂ ಇಲ್ಲದಷ್ಟು ಕಾಗದ ತೆಗೆದಿತ್ತು. ಎಲ್ಲವೂ ಮಿತಿಯೊಳಗಿದೆ ಎನ್ನುವ ವರದಿಗಾಗಿ ಮ್ಯಾನೇಜರ್ ಅಂದು ಬಾಗಿಲಲ್ಲೇ ಕಾದು ನಿಂತಿದ್ದ.

“ಎಲ್ಲಿ ಹಿಡಿದ್ರಿ ಇದನ್ನ?”

“ನಮ್ಮ ಕಾರ್ಖಾನೆ ನೀರು ಬಿಡೋ ಕೊಳವೆಯ ಕೆಳಗಡೇನೇ! ಮೊದಲು ಅಲ್ಲಿ ಗಾಳ ಹಾಕೋಕೆ ಹೆದರ್ತಿದ್ದೆ. ನಿನ್ನ ಚಾರ್ಟು ನೋಡಿದ್ಮೇಲೆ ಧೈರ್ಯ ಬಂತು. ಮೊಮ್ಮಗಳಂತೂ ದಿನಾ ಇದನ್ನೇ ಕೇಳ್ತಾಳೆ.”

ಅವನು ಪೊಟ್ಟಣ ಬಿಚ್ಚಿ, ಒಂದು ತುಂಡು ಮುರಿದು ಅವಳತ್ತ ಚಾಚಿದ. ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಮಾರ್ಲಿಸ್ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

“ವರ್ನ್, ಮನೆಗೆ ಫೋನ್ ಮಾಡಿ. ಮಗು ಇದನ್ನ ತಿನ್ನೋದು ಬೇಡ. ನಿಮ್ಮ ಮೂರೂ ಬಾಟಲಿ ಸರಿಯಾಗೇ ಇದ್ವು.”