ಎಣ್ಣೆಯ ಬಿಸಿ

ಈಗ ಸೋದರತ್ತೆಯ ಊದಿದ ಕಾಲಿಗೆ ಹಚ್ಚಲು ಕೊಬ್ಬರಿ ಎಣ್ಣೆ ಕಾಯಿಸಿದಾಗಲೆಲ್ಲ ಅರಸೀಕೆರೆಯ ಆ ಮಧ್ಯಾಹ್ನ ಮೂಗಿಗೆ ಬಡಿಯುತ್ತದೆ.

ಬಾಣಾವರದಿಂದ ಅತ್ತೆಯನ್ನು ನೋಡಲು ಗಂಡಿನವರು ಬಂದಿದ್ದರು. ಅವಳು ಕಾಫಿ ಹಿಡಿದು ಬಾಗಿಲಿಗೆ ಬಂದಾಗ, ಸೊಂಟ ಮುರಿದು ಅವಳ ಕೈಯಲ್ಲೇ ಉಣ್ಣುತ್ತಿದ್ದ ಅಜ್ಜಿ ಮಂಚದಿಂದ ಹೇಳಿದಳು: "ಹುಡುಗಿಗೆ ಆಗಾಗ ಮೂರ್ಛೆ ಬತ್ತೈತೆ ಕಣ್ರಪ್ಪ. ಮುಚ್ಚಿಟ್ರೆ ಪಾಪ ಅಲ್ವಾ?"

ಅತ್ತೆಗೆ ನೆಗಡಿ ಬಂದದ್ದನ್ನೂ ನಾನು ಕಂಡಿರಲಿಲ್ಲ. ಅಪ್ಪನ ಮುಖ ನೋಡಿದೆ. ಅವನು ಕಿಟಕಿಯತ್ತ ತಿರುಗಿಕೊಂಡ. ಗಂಡಿನವರು ಕಾಫಿ ಮುಟ್ಟದೆ ಎದ್ದು ಹೋದರು.

"ಎಣ್ಣೆ ಹಚ್ಚು ಬಾರೇ," ಎಂದಳು ಅಜ್ಜಿ. ಅತ್ತೆ ಎಂದಿನಂತೆ ಎಣ್ಣೆ ಕಾಯಿಸಿದಳು. ದಿನವೂ ತನ್ನ ಮುಂಗೈಗೆ ಬಿಟ್ಟುಕೊಂಡು ಬಿಸಿ ನೋಡುತ್ತಿದ್ದವಳು ಅಂದು ನೇರವಾಗಿ ಅಜ್ಜಿಯ ಕಾಲಿಗೇ ಸುರಿದಳು.

"ಅಯ್ಯೋ, ಸುಡ್ತೈತೆ ಕಣೇ!"

"ಮೂರ್ಛೆ ಬಂದಿತ್ತು ಕಣವ್ವ," ಎಂದಳು ಅತ್ತೆ.