ಹಿಂದೆ ನಿಂತವನು

ತಾಳಗುಂದದ ಕಣದಲ್ಲಿ ನೀಲಾಂಬಿಕ ಹಾರಿಸಲು ಹೊರಟ ರಿಮೋಟ್ ಹೆಲಿಕಾಪ್ಟರ್ ನೆಲ ಬಿಡಲಾರದೆ ಒದ್ದಾಡುತ್ತಿತ್ತು. ಬಾಂಬೆಯಿಂದ ಅದನ್ನು ತಂದು, ಉರುಳದಿರಲೆಂದು ಕಾಲಿಗೆ ಬಿದಿರುಕಡ್ಡಿಗಳನ್ನು ಅಡ್ಡಡ್ಡ ಕಟ್ಟಿದವನು ಅವಳ ಗಂಡ ಸಿದ್ಧಲಿಂಗೇಶ್. "ಬಾಲ ನಿನ್ ಕಡೆಗಿರ್ಲಿ ನೀಲಾ. ಏನೇ ಆಗ್ಲಿ, ಅದರ ಮೇಲಿಂದ ಕಣ್ಣು ತೆಗೀಬೇಡ," ಎಂದು ಅವಳ ಬೆನ್ನ ಹಿಂದೆಯೇ ನಿಂತು ಕಲಿಸುತ್ತಿದ್ದ. ಒಮ್ಮೆಯೂ ಅದು ಹಾರಿರಲಿಲ್ಲ. ಹೋದ ತಿಂಗಳು ಎದೆನೋವೆಂದು ಮಲಗಿದವನು ಮತ್ತೆ ಏಳಲೇ ಇಲ್ಲ.

"ಯಾರಿಗಾದ್ರೂ ಕೊಟ್ಟುಬಿಡೋಣ ಕಣವ್ವ," ಎಂದಿದ್ದರು ಮಾವ ಚಂದ್ರಶೇಖರಪ್ಪ.

"ಒಂದ್ಸಲ ಹಾರಿಸ್ತೀನಿ ಮಾವ," ಎಂದು ಅವಳು ಇವತ್ತು ಹಟ ಹಿಡಿದು ತಂದಿದ್ದಳು.

ಕಡ್ಡಿಗಳು ನೆಲ ಬಿಟ್ಟವು. ಮೊಣಕಾಲೆತ್ತರ, ಆಮೇಲೆ ಸೊಂಟದೆತ್ತರ. "ರೀ, ಎದ್ತು! ನೋಡ್ರೀ!" ಸಂಭ್ರಮದಲ್ಲಿ ನೀಲಾಂಬಿಕ ಗರ್ರನೆ ಹಿಂದಕ್ಕೆ ತಿರುಗಿದಳು.

ಅಲ್ಲಿ ನಿಂತಿದ್ದ ಮಾವ, ಆ ಕರೆ ಯಾರಿಗೆಂದು ತಿಳಿದು ತಲೆ ತಗ್ಗಿಸಿದರು. ಅತ್ತ ಹೆಲಿಕಾಪ್ಟರ್ ನೆಲಕ್ಕೆ ಬಿದ್ದು ಬಿದಿರು ಲಟಲಟನೆ ಮುರಿದರೂ ಅವಳು ತಿರುಗಲಿಲ್ಲ.